ಗೃಹಸೌಖ್ಯ: ಮರೆವಿನ ಮನೆಗೆ ರಾತ್ರಿಗಾವಲು

“ಅರವತ್ತಕ್ಕೆ ಅರಳುಮರಳು” ಎಂಬ ನಾಣ್ಣುಡಿಯು ನಮ್ಮಲ್ಲಿ ಎಷ್ಟು ಬೇರೂರಿರುವುದೆಂದರೆ, ಮನೆಯ ಹಿರಿಯರು ರಾತ್ರಿಯನ್ನು ಹಗಲೆಂದು ಭ್ರಮಿಸಿದರೂ, ಹೆತ್ತ ಮಗನನ್ನೇ ಗುರುತಿಸದೆ ಹೋದರೂ, ಅದು ವಯೋಧರ್ಮವೆಂದು ನಾವು ಸುಮ್ಮನಾಗುವೆವು. ವಾಸ್ತವವಾಗಿ ಇದು ವಯೋಧರ್ಮವಲ್ಲ, ಮಿದುಳಿನ ರೋಗ. ಜರ್ಮನಿಯ ಅಲ್ಝೈಮರ್ ಎಂಬ ವೈದ್ಯನು 1906ರಲ್ಲಿ ಇದರ ಒಂದು ಬಗೆಯನ್ನು ವರ್ಣಿಸಿದನು. ಡಿಮೆನ್ಷಿಯಾ ಎಂಬ ಈ ಮರೆವಿಗೆ ಆತನ ಹೆಸರಿನ ರೋಗವೇ ಇಂದಿಗೂ ಅತಿ ಸಾಮಾನ್ಯವಾದ ಕಾರಣವಾಗಿರುವುದು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರು ಇದಕ್ಕೆ ಗುರಿಯಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಈ ತಿಂಗಳ ವಿಚಾರವಾದರೋ ರೋಗಿಯದಲ್ಲ. ರೋಗಿಗಾಗಿ ರಾತ್ರಿಯೆಲ್ಲ ಎಚ್ಚರವಿರುವವಳದು. ಅವಳು ಪ್ರಾಯಶಃ ಆ ಮನೆಯ ಸೊಸೆ. ಕೆಲವೆಡೆ ಮಗಳು, ಕೆಲವೆಡೆ ತಾನೂ ಮುಪ್ಪಡರಿದ ಹೆಂಡತಿ. ಯಜಮಾನನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ರಾತ್ರಿಯ ಪಾಳಿಗೆ ಹೋಗಿರುವನು, ಮಕ್ಕಳು ಮಲಗಿರುವರು. ನಡುರಾತ್ರಿಯಲ್ಲಿ ಮಾವನವರು ಎದ್ದು, ತಾವಿರುವುದೇ ತಮ್ಮ ಮನೆಯೆಂಬುದನ್ನು ಮರೆತು, “ಮನೆಗೆ ಹೋಗಬೇಕು” ಎಂದು ಅಗುಳಿಯನ್ನು ತೆಗೆಯುವರು. ಹೊರಗೆ, ಹೊಸಪೇಟೆಯಾದರೆ ವಿಜಯನಗರದ ಕಾಲದ ಬಸವಣ್ಣ ಕಾಲುವೆ. ಕಂಪ್ಲಿ, ಹಂಪೆಗಳಾದರೆ ತುಂಗಭದ್ರೆ. ಸಂಡೂರಾದರೆ ಅದಿರಿನ ಲಾರಿಗಳು ಓಡಾಡುವ ರಸ್ತೆ. ಈ ಭಯದಿಂದ ಅವಳು ಎಷ್ಟೋ ತಿಂಗಳಿಂದ ಕಣ್ತುಂಬ ನಿದ್ರಿಸಿರುವುದಿಲ್ಲ. ನಿದ್ರೆಗೆಟ್ಟವಳಿಗೆ ಹಗಲೆಲ್ಲ ಸಿಡುಕು. ಸಿಡುಕಿದ ತರುವಾಯ ಒಳಗೊಳಗೇ ಪಶ್ಚಾತ್ತಾಪ. ಹೀಗೆಯೇ ಸಾಗಿದರೆ ಒಬ್ಬ ರೋಗಿಯಿದ್ದ ಮನೆಯಲ್ಲಿ ಇಬ್ಬರಾಗುವುದಕ್ಕೆ ಹೆಚ್ಚು ಕಾಲ ಬೇಕಾಗದು.

ನಮ್ಮ ರೈತರನೇಕರು ಇಂದು ಅಪರಾತ್ರಿಯಲ್ಲಿ ಕರೆಂಟು ಬಂದಾಗ ಹೊಲಕ್ಕೆ ಓಡದೆ, ಮಂಚದ ಮೇಲಿಂದಲೇ ಮೊಬೈಲ್ ಸ್ಟಾರ್ಟರಿನ ಮೂಲಕ ಪಂಪುಸೆಟ್ಟನ್ನು ನಡೆಸುವರಷ್ಟೆ. ಪಂಪನ್ನು ದೂರದಿಂದ ಕಾಯುವ ಈ ಉಪಾಯವು ಹೆತ್ತವರನ್ನು ಕಾಯುವುದಕ್ಕೂ ಏಕೆ ಒದಗಬಾರದು?

ಮೊದಲನೆಯದಾಗಿ ಬಾಗಿಲು. ಹಿಂದೆ ಬಾಗಿಲಿಗೆ ದನದ ಕೊರಳಗಂಟೆಯನ್ನು ಕಟ್ಟಿದಂತೆ, ಈಗ ಎರಡು ಪುಟ್ಟ ತುಂಡುಗಳ ಒಂದು ಸೆನ್ಸರ್ ದೊರೆಯುವುದು. ಒಂದನ್ನು ಚೌಕಟ್ಟಿಗೂ ಮತ್ತೊಂದನ್ನು ಕದಕ್ಕೂ ಅಂಟಿಸತಕ್ಕದ್ದು. ಒಂದರೊಳಗೆ ಅಯಸ್ಕಾಂತವಿರುವುದರಿಂದ, ಕದ ತೆರೆದು ಅವು ಅಗಲಿದೊಡನೆ ಸದ್ದಾಗುವುದು. ಸಾದಾ ಬಗೆಯದಕ್ಕೆ ಕೆಲವು ನೂರು ರೂಪಾಯಿಗಳು ಸಾಕು. ಅದು ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟು ಹೋದರೂ ಕೆಲಸ ಮಾಡುವುದು. ಮೊಬೈಲಿಗೆ ಸುದ್ದಿ ಕಳಿಸುವ ಬಗೆಯದಕ್ಕೆ ಇಂಟರ್ನೆಟ್ ಬೇಕು. ಆದಕಾರಣ ವೈಫೈ ಪೆಟ್ಟಿಗೆಯನ್ನು ಇನ್ವರ್ಟರಿಗೆ ಜೋಡಿಸಿರುವುದು ಒಳ್ಳೆಯದು.

ಎರಡನೆಯದು ಬೆಳಕು. ಮೈಯ ಶಾಖದಿಂದ ಚಲನೆಯನ್ನರಿತು ತಾನಾಗಿಯೇ ಹೊತ್ತಿಕೊಳ್ಳುವ ದೀಪವನ್ನು ಮಂಚದಿಂದ ಬಚ್ಚಲಿನವರೆಗೆ ಇಟ್ಟರೆ, ಹಿರಿಯರು ಕತ್ತಲಲ್ಲಿ ತಡವರಿಸಿ ಬೀಳುವ ಭಯವು ಕಡಿಮೆಯಾಗುವುದು. ಮೂರನೆಯದು ಒಲೆ. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುವುದು. ಸೋರಿಕೆಯನ್ನು ತಿಳಿಸುವ ಉಪಕರಣವನ್ನು ಗೋಡೆಯ ಮೇಲ್ಭಾಗದಲ್ಲಿಡದೆ ಕೆಳಗೇ ಇಡತಕ್ಕದ್ದು. ನಾಲ್ಕನೆಯದು, ಇರುವ ಸ್ಥಳವನ್ನು ತಿಳಿಸುವ ಕೈಗಡಿಯಾರ. ಇದನ್ನು ಚಾರ್ಜ್ ಮಾಡಲು ಮರೆತರೆ ಇದ್ದೂ ಇಲ್ಲದಂತೆಯೇ. ಹಂಪೆಯ ತೇರಿನಂಥ ಜನಸಂದಣಿಗೆ ಕರೆದೊಯ್ಯುವಾಗ, ಮೊಬೈಲ್ ಸಂಖ್ಯೆಯನ್ನು ಬರೆದ ಬಟ್ಟೆಯ ಚೂರನ್ನು ಅಂಗಿಯ ಒಳಗೆ ಹೊಲಿದಿರುವ ಹಳೆಯ ಪದ್ಧತಿಯನ್ನೂ ಬಿಡಬಾರದು.

ಎಚ್ಚರಿಕೆಯ ಮಾತುಗಳೂ ಕೆಲವುಂಟು. ಗೋಡೆಯೊಳಗಿಂದ ಮಾತನಾಡುವ ಯಂತ್ರದ ಧ್ವನಿಯು ರೋಗಿಗೆ ದೆವ್ವದ ಧ್ವನಿಯಾಗಿ ಕೇಳಬಹುದು. ಅಂಜಿದರೆ ಕೂಡಲೇ ತೆಗೆದಿಡಬೇಕು. ಕ್ಯಾಮೆರಾವನ್ನು ಬಚ್ಚಲಿನಲ್ಲಿಯೂ ಬಟ್ಟೆ ಬದಲಿಸುವಲ್ಲಿಯೂ ಸರ್ವಥಾ ಇಡಕೂಡದು; ನೆನಪಳಿದರೂ ಮಾನವಳಿಯುವುದಿಲ್ಲ. ಸೆನ್ಸರ್ ಇರುವುದೆಂದು ಹೊರಗಿನಿಂದ ಬೀಗ ಹಾಕಿ ಹೋಗುವುದೂ ತಪ್ಪು. ಬೆಂಕಿ ಬಿದ್ದರೆ ಗತಿಯೇನು?

ಇಷ್ಟೆಲ್ಲ ಕೊಂಡು ತಂದರೆ ಶುಶ್ರೂಷೆ ಮಾಡುವವಳ ಭಾರವು ಇಳಿಯುವುದೆ? ಇಂಗ್ಲೆಂಡಿನಲ್ಲಿ 495 ಜನ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಂಥ ಉಪಕರಣಗಳನ್ನು ಹೇರಳವಾಗಿಯೂ, ಮತ್ತೊಂದಕ್ಕೆ ಅತಿ ಸಾಮಾನ್ಯವಾದವನ್ನು ಮಾತ್ರವೂ ಕೊಟ್ಟು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಅದರ ಫಲವು ನಾವು ಮನಸ್ಸಿನಲ್ಲಿಡತಕ್ಕದ್ದು: ನೋಡಿಕೊಳ್ಳುವವರ ಭಾರದಲ್ಲಿಯೂ ವ್ಯಾಕುಲದಲ್ಲಿಯೂ ಎರಡು ಗುಂಪುಗಳಿಗೆ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಇದರಿಂದ ಉಪಕರಣಗಳು ನಿರರ್ಥಕವೆಂದು ತಿಳಿಯಬೇಕಾದುದಿಲ್ಲ. ಅವುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಭಾರ ಇಳಿಯದೆಂದು ತಿಳಿದರೆ ಸಾಕು. ಗಂಟೆಯು ಬಾರಿಸಬಲ್ಲದೇ ಹೊರತು, ಎದ್ದು ಹೋಗಿ ಮಾವನವರ ಕೈಹಿಡಿದು ಮಂಚಕ್ಕೆ ಕರೆತರಲಾರದು. ಆ ಗಂಟೆಯು ಪ್ರತಿರಾತ್ರಿಯೂ ಸೊಸೆಯೊಬ್ಬಳ ತಲೆದಿಂಬಿನ ಬಳಿಯೇ ಬಾರಿಸುವುದಾದರೆ, ಯಂತ್ರವು ಅವಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿದಂತಾಯಿತೇ ಸರಿ.

ಆದುದರಿಂದ ಅಂಗಡಿಗೆ ಹೋಗುವುದಕ್ಕೆ ಮುಂಚೆ ಮನೆಯವರೆಲ್ಲರೂ ಕುಳಿತು ಸರದಿಯನ್ನು ಗೊತ್ತುಮಾಡತಕ್ಕದ್ದು. ಇದೇ ಈ ಯಂತ್ರಗಳ ನಿಜವಾದ ಉಪಯೋಗ: ಒಂದೇ ಸೆನ್ಸರಿನ ಸುದ್ದಿಯನ್ನು ಹಲವರ ಮೊಬೈಲಿಗೆ ಕಳಿಸಬಹುದು. ವಾರದಲ್ಲಿ ಎರಡು ರಾತ್ರಿ ಮಗನಿಗೂ, ಎರಡು ರಾತ್ರಿ ಮೊಮ್ಮಗನಿಗೂ ಹೋಗಲಿ. ಬೆಂಗಳೂರಿನಲ್ಲಿರುವ ಮಗಳು ಎದ್ದು ಬರಲಾರಳು. ಆದರೆ ಪಕ್ಕದ ಮನೆಯವರನ್ನು ಫೋನಿನಲ್ಲಿ ಎಬ್ಬಿಸಬಲ್ಲಳು. ಸರದಿಯಿಲ್ಲದ ರಾತ್ರಿ ಸೊಸೆಯು ಮತ್ತೊಂದು ಕೋಣೆಯಲ್ಲಿ, ಮೊಬೈಲನ್ನು ದೂರವಿಟ್ಟು, ಬೆಳಗಿನವರೆಗೆ ಮಲಗಲಿ.

ಇದಕ್ಕೆಲ್ಲ ಮೊದಲು ವೈದ್ಯರಲ್ಲಿ ತೋರಿಸುವುದು ಅಗತ್ಯ. ಥೈರಾಯ್ಡಿನ ದೋಷದಿಂದಲೂ ಬಿ-12 ಜೀವಸತ್ವದ ಕೊರತೆಯಿಂದಲೂ ಬಂದ ಮರೆವು ಔಷಧದಿಂದ ಕಡಿಮೆಯಾಗುವುದುಂಟು. ಹಿಂದೆ ವಿಜಯನಗರ ವೈದ್ಯಕೀಯ ಸಂಸ್ಥೆಯೆಂದು ಹೆಸರಾಗಿದ್ದ ಬಳ್ಳಾರಿಯ ವೈದ್ಯಕೀಯ ಸಂಸ್ಥೆಯು ನಮಗೆ ಸಮೀಪದಲ್ಲಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಿರಿಯರ ವಿಷಯದಲ್ಲಿ 14567 ಸಂಖ್ಯೆಗೂ, ನೋಡಿಕೊಳ್ಳುವವರ ಮನಸ್ಸೇ ಕುಸಿದಾಗ 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೂ ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾದುದಿಲ್ಲ.

ಅತ್ತೆಮಾವಂದಿರ ಸೇವೆಯು ಪುಣ್ಯವೆಂದು ಸೊಸೆಗೆ ಹೇಳುವವರು ಬಹಳ ಮಂದಿ. ಆ ಪುಣ್ಯದಲ್ಲಿ ತಮಗೂ ವಾರಕ್ಕೆರಡು ರಾತ್ರಿಯ ಪಾಲಿರಲೆಂದು ಅವರು ಮುಂದೆ ಬಂದರೆ, ಬಾಗಿಲಿಗೆ ಅಂಟಿಸಿದ ಆ ಪುಟ್ಟ ಉಪಕರಣಕ್ಕೆ ಕೊಟ್ಟ ಹಣವು ಸಾರ್ಥಕವಾಗುವುದು.