ಗಾಜು ಬದಲಾದ ಮೇಲೆ ಅಂಚನ್ನೂ ನೋಡಬೇಕು

ಶಾಲೆ ಆರಂಭವಾಗಿ ಎರಡನೆಯ ವಾರ. ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ, ಏಳನೆಯ ತರಗತಿಯ ಹುಡುಗಿಯೊಬ್ಬಳು ಕಾರಿನಿಂದ ಇಳಿಯುತ್ತ, "ಅಪ್ಪಾ, ಚೀಲದ ಅಡಿ ಚಂಡಿಯಾಗಿದೆ" ಎಂದಳು. ಕಾರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ನೀರಿನ ಬಾಟಲಿಯ ಮುಚ್ಚಳವೂ ಭದ್ರವಾಗಿತ್ತು. ಮುಂದಿನ ಎಡ ಸೀಟಿನ ಕಾಲಬುಡದ ಹಾಸನ್ನು ಎತ್ತಿ ನೋಡಿದಾಗ ಅದರ ಕೆಳಗೆ ನೀರು ನಿಂತಿತ್ತು. ಚೀಲದೊಳಗಿನ ಸಮಾಜ ವಿಜ್ಞಾನದ ಪುಸ್ತಕ ಅರ್ಧಕ್ಕರ್ಧ ನೆನೆದು ಉಬ್ಬಿತ್ತು. ಕನ್ನಡ ಮಾಧ್ಯಮದ ಪಠ್ಯಪುಸ್ತಕ ಪೇಟೆಯ ಅಂಗಡಿಯಲ್ಲಿ ಕೇಳಿದೊಡನೆ ದೊರೆಯುವ ವಸ್ತುವಲ್ಲ. ಆ ರಾತ್ರಿ ತಾಯಿ ಅದರ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಲೆಯ ಬಳಿ ಒಣಗಿಸಬೇಕಾಯಿತು.

ನೀರು ಬಂದ ದಾರಿಯನ್ನು ಹುಡುಕಹೊರಟ ತಂದೆಗೆ ಮೇ ತಿಂಗಳ ಒಂದು ಘಟನೆ ನೆನಪಾಯಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರಿನಿಂದ ಸಿಡಿದ ಜಲ್ಲಿಕಲ್ಲೊಂದು ಕಾರಿನ ಮುಂದಿನ ಗಾಜಿಗೆ ಬಡಿದಿತ್ತು. ಬಿರುಕು ಎರಡೇ ದಿನಗಳಲ್ಲಿ ಗಾಜಿನ ಉದ್ದಕ್ಕೂ ಹರಿಯಿತು. ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಗಾಜು ಕೂರಿಸಲಾಯಿತು. ಅರ್ಧ ದಿನದೊಳಗೆ ಕಾರು ಮನೆಗೆ ಮರಳಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಗಾಜಿನ ಎಡ ಮೇಲ್ಮೂಲೆಯಲ್ಲಿ ಕಪ್ಪು ರಬ್ಬರ್ ಪಟ್ಟಿಯ ತುದಿ ಎದ್ದು ನಿಂತಿತು. ವೇಗ ಹೆಚ್ಚಿದಂತೆ ಅಲ್ಲಿಂದ ಸಿಳ್ಳಿನಂಥ ಸದ್ದು ಕೇಳಿಸತೊಡಗಿತು. ಅಂಗಡಿಗೆ ಫೋನ್ ಮಾಡಿದಾಗ ದೊರೆತ ಉತ್ತರ ಒಂದೇ ಮಾತಿನದು: "ಸಾರಮಿಲ್ಲ, ಅದು ಬರೀ ಬೀಡಿಂಗ್." ತಂದೆ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಕ್ಷಣದಲ್ಲಿ ಹಿಡಿಯುವ ಅಂಟಿನ ನಾಲ್ಕು ತೊಟ್ಟು ಹಾಕಿ ಕೂರಿಸಿದರು. ಸದ್ದು ನಿಂತಿತು. ಮಳೆ ಬಂದ ಮೇಲೆ ನೀರು ಒಳಗಿಳಿಯಿತು.

ಬೀಡಿಂಗ್ ಎಂದು ಗ್ಯಾರೇಜುಗಳಲ್ಲಿ ಕರೆಯುವ ಈ ಪಟ್ಟಿಯ ವಿಷಯದಲ್ಲಿ ಹೆಚ್ಚಿನವರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ನೀರನ್ನು ತಡೆಯುವುದೂ ಗಾಜನ್ನು ಹಿಡಿದು ನಿಲ್ಲಿಸುವುದೂ ಈ ಪಟ್ಟಿಯೇ ಎಂದು ಅವರು ಭಾವಿಸುತ್ತಾರೆ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಅದು ನಿಜವೂ ಆಗಿತ್ತು. ಅವುಗಳಲ್ಲಿ ಗಾಜಿನ ಸುತ್ತಲೂ ದಪ್ಪನೆಯ ರಬ್ಬರ್ ಬಳೆಯೊಂದಿರುತ್ತಿತ್ತು. ಅದರ ಗಾಡಿಯಲ್ಲಿ ಹಗ್ಗವೊಂದನ್ನು ಸುತ್ತಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು, ಒಳಗಿನಿಂದ ಹಗ್ಗವನ್ನು ಎಳೆಯುತ್ತ ಬಂದರೆ ರಬ್ಬರಿನ ತುಟಿ ಚೌಕಟ್ಟಿನ ಒಳಬದಿಗೆ ಹಾಯುತ್ತಿತ್ತು. ಇಂದಿನ ಕಾರುಗಳ ರಚನೆ ಬೇರೆ. ಗಾಜಿನ ಅಂಚಿನಲ್ಲಿ ಸುತ್ತಲೂ ಹಚ್ಚಿದ ಪಾಲಿಯುರಿಥೇನ್ ಎಂಬ ಅಂಟಿನ ದಪ್ಪ ಎಳೆಯೇ ಅದನ್ನು ಲೋಹದ ಚೌಕಟ್ಟಿಗೆ ಬೆಸೆಯುತ್ತದೆ; ನೀರನ್ನು ತಡೆಯುವುದೂ ಅದೇ. ಬೀಡಿಂಗಿನ ಕೆಲಸ ಗಾಜಿಗೂ ಲೋಹಕ್ಕೂ ನಡುವಿನ ಸಂದನ್ನು ಮುಚ್ಚುವುದು, ಗಾಳಿಯನ್ನು ನಯವಾಗಿ ಜಾರಿಸುವುದು, ಕಸಕಡ್ಡಿ ಒಳಸೇರದಂತೆ ತಡೆಯುವುದು.

ಆದುದರಿಂದ ಬೀಡಿಂಗ್ ಎದ್ದುದರಿಂದ ಮಾತ್ರವೇ ನೀರು ಒಳಗೆ ಬಾರದು. ನೀರು ಬಂದಿದೆಯೆಂದಾದರೆ ಅಂಟಿನ ಎಳೆ ಎಲ್ಲಿಯೋ ತುಂಡಾಗಿರಬೇಕು, ಇಲ್ಲವೇ ಗಾಜಿಗೆ ಸಂಬಂಧಿಸದ ಬೇರೊಂದು ದಾರಿಯಿರಬೇಕು. ಎದ್ದ ಪಟ್ಟಿಯನ್ನು ಅಂಟಿಸಿ ಸುಮ್ಮನಾಗುವುದು ಜ್ವರ ಬಂದವನ ಹಣೆಗೆ ತಣ್ಣೀರು ಬಟ್ಟೆಯಿಟ್ಟು ರೋಗ ವಾಸಿಯಾಯಿತೆಂದು ತಿಳಿದಂತೆ.

ಇದು ಪುಸ್ತಕ ನೆನೆಯುವುದಕ್ಕಿಂತ ದೊಡ್ಡ ಸಂಗತಿ. ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕಿನ ತೆಳು ಪದರವನ್ನಿಟ್ಟು ಮಾಡಿದ್ದು. ಫ್ರಾನ್ಸಿನ ರಸಾಯನವಿಜ್ಞಾನಿ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದರು. ಪೆಟ್ಟು ಬಿದ್ದರೆ ಅದು ಬಿರಿಯುತ್ತದೆ, ಚೂರುಗಳು ಮಾತ್ರ ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಅಪಘಾತದಲ್ಲಿ ಪ್ರಯಾಣಿಕರು ಹೊರಗೆ ಎಸೆಯಲ್ಪಡದಂತೆ ತಡೆಯುವುದರಲ್ಲಿಯೂ, ಕಾರು ಮಗುಚಿದಾಗ ಮಾಡು ಕುಸಿಯದಂತೆ ಆಧಾರ ಕೊಡುವುದರಲ್ಲಿಯೂ ಅದಕ್ಕೆ ಪಾಲಿದೆ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಹೊಸ ಮಾದರಿಯ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಆ ಬದಿಯ ಏರ್‌ಬ್ಯಾಗ್ ಅನೇಕ ಕಾರುಗಳಲ್ಲಿ ಮೇಲಕ್ಕೆ ಉಬ್ಬಿ, ಗಾಜಿಗೆ ಒರಗಿ, ಬಳಿಕ ಪ್ರಯಾಣಿಕರತ್ತ ತಿರುಗುತ್ತದೆ. ಗಾಜು ಚೌಕಟ್ಟನ್ನು ಸರಿಯಾಗಿ ಹಿಡಿದಿರದಿದ್ದರೆ ಆ ಒರಗು ಸಿಗುವುದಿಲ್ಲ. ಅಂಚಿನ ಪಟ್ಟಿ ಎದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದರ ಅಡಿಯಲ್ಲಿರುವ ಅಂಟು ಹೇಗಿದೆ ಎಂಬುದೇ.

ಗಾಜು ಬದಲಾಯಿಸಿದ ಮೇಲೆ ಪಟ್ಟಿ ಏಳಲು ಕಾರಣಗಳು ಹಲವು. ಹಳೆಯ ಪಟ್ಟಿಯನ್ನೇ ಮರಳಿ ಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದುದು. ವರ್ಷಗಟ್ಟಲೆ ಬಿಸಿಲು ತಿಂದ ರಬ್ಬರ್ ಗಡುಸಾಗಿ ಕುಗ್ಗಿರುತ್ತದೆ. ಬಿಚ್ಚುವಾಗ ಹಿಗ್ಗಿದ ಅದನ್ನು ಹಾಗೆಯೇ ಕೂರಿಸಿದರೆ ಕೆಲವೇ ದಿನಗಳಲ್ಲಿ ಮರಳಿ ಕುಗ್ಗಿ ಮೂಲೆಗಳಲ್ಲಿ ಸಂದು ಬಿಡುತ್ತದೆ. ಗಾಜನ್ನು ಒಂದೆಡೆಗೆ ಸರಿಸಿ ಕೂರಿಸಿದ್ದರೆ ಒಂದು ಬದಿಯ ಸಂದು ಅಗಲವಾಗಿ, ಇನ್ನೊಂದು ಬದಿಯಲ್ಲಿ ಪಟ್ಟಿಗೆ ಜಾಗವೇ ಇರುವುದಿಲ್ಲ. ಅಂಟು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿದ್ದರೆ ಗಾಜು ಮೇಲೆದ್ದು ಅಥವಾ ತಗ್ಗಿ ನಿಂತು ಪಟ್ಟಿಯನ್ನು ತಳ್ಳುತ್ತದೆ. ಅಂಟು ಗಟ್ಟಿಯಾಗುವ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿ ಬಾಗಿಲನ್ನು ಬಡಿದರೆ, ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡಕ್ಕೆ ಗಾಜು ತುಸು ಹೊರಕ್ಕೆ ಸರಿಯುವುದೂ ಉಂಟು.

ನಮ್ಮ ಕರಾವಳಿಯ ಹವೆಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಈ ಕೆಲಸಕ್ಕೆ ಬಳಸುವ ಪಾಲಿಯುರಿಥೇನ್ ಸಾಮಾನ್ಯವಾಗಿ ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಂಡೇ ಗಟ್ಟಿಯಾಗುವಂಥದು. ಆದುದರಿಂದ ತೇವದ ಗಾಳಿ ಅದಕ್ಕೆ ಶತ್ರುವಲ್ಲ. ಆದರೆ ಚೌಕಟ್ಟಿನ ಮೇಲೆ ನೀರಿನ ಹನಿಯೋ ಧೂಳೋ ಎಣ್ಣೆಯ ಪಸೆಯೋ ಇದ್ದರೆ ಅಂಟು ಅಲ್ಲಿ ಹಿಡಿಯುವುದಿಲ್ಲ. ಜಡಿಮಳೆಯ ದಿನ ರಸ್ತೆಬದಿಯಲ್ಲಿ, ತಾಡಪಾಲಿನ ಅಡಿಯಲ್ಲಿ ಗಾಜು ಕೂರಿಸಿಕೊಳ್ಳುವುದು ಈ ಕಾರಣಕ್ಕೆ ಜಾಣತನವಲ್ಲ. ಹಳೆಯ ಗಾಜನ್ನು ಕೊಯ್ದು ತೆಗೆಯುವಾಗ ಚೌಕಟ್ಟಿನ ಬಣ್ಣಕ್ಕೆ ಗೀರು ಬಿದ್ದಿದ್ದರೆ ಅಲ್ಲಿ ಪ್ರೈಮರ್ ಹಚ್ಚಲೇಬೇಕು. ಹಚ್ಚದಿದ್ದರೆ ತುಕ್ಕು ಹಿಡಿದು, ಅಂಟು ತುಕ್ಕಿನ ಪದರದೊಂದಿಗೇ ಕಳಚಿಕೊಳ್ಳುತ್ತದೆ.

ಗಾಜಿನ ಕೆಳಗಿನ ಅಂಚಿನಲ್ಲಿ, ವೈಪರಿನ ಬುಡವನ್ನು ಮುಚ್ಚುವ ಕಪ್ಪು ಪ್ಲಾಸ್ಟಿಕ್ ಹೊದಿಕೆಯೂ ಇದೇ ಸಾಲಿಗೆ ಸೇರಿದ್ದು. ಗಾಜು ಬಿಚ್ಚುವಾಗ ಅದನ್ನು ಕಿತ್ತು, ಬಳಿಕ ಕೂರಿಸುತ್ತಾರೆ. ಅದರ ಕ್ಲಿಪ್ಪುಗಳು ಮುರಿದುಹೋದರೂ ಹಾಗೆಯೇ ಒತ್ತಿಬಿಡುವ ಅಭ್ಯಾಸವಿದೆ. ಹೊದಿಕೆ ಸರಿಯಾಗಿ ಕೂರದಿದ್ದರೆ ಗಾಜಿನಿಂದ ಇಳಿದ ನೀರು ಕಾಲುವೆಗೆ ಹೋಗುವ ಬದಲು ಗಾಳಿ ಒಳಬರುವ ರಂಧ್ರದತ್ತ ಹರಿದು, ಬ್ಲೋವರ್ ಮೋಟರನ್ನು ನೆನೆಸಿ, ಕಾಲಬುಡಕ್ಕೆ ಇಳಿಯುತ್ತದೆ. ಮರದಡಿ ಕಾರು ನಿಲ್ಲಿಸುವ ಮನೆಗಳಲ್ಲಿ ಒಣಗಿದೆಲೆಗಳು ಆ ಕಾಲುವೆಯನ್ನು ಮುಚ್ಚಿದರೂ ಇದೇ ಪರಿಣಾಮ. ಇಂಥ ಸೋರಿಕೆಗೆ ಗಾಜಿನ ಅಂಟನ್ನು ದೂರಿ ಫಲವಿಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಸೋರಿಕೆಯ ಸ್ವಭಾವ ಗೊತ್ತು. ಹಂಚು ಒಡೆದುದು ಒಂದೆಡೆ, ನೀರು ಪಕ್ಕಾಸನ್ನು ಹಿಡಿದು ಜಾರಿ ತೊಟ್ಟಿಕ್ಕುವುದು ಇನ್ನೊಂದೆಡೆ. ಕಾರಿನಲ್ಲಿಯೂ ಹಾಗೆಯೇ. ಮೇಲ್ಮೂಲೆಯಲ್ಲಿ ಸೇರಿದ ನೀರು ಕಂಬದ ಒಳಹೊದಿಕೆಯ ಹಿಂದೆ ಇಳಿದು ಕಾಲಬುಡದಲ್ಲಿ ಕಾಣಿಸುತ್ತದೆ. ಪತ್ತೆ ಹಚ್ಚಲು ಮನೆಯ ಇಬ್ಬರು ಸಾಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಬೇಕು. ಕೆಳಗಿನ ಅಂಚಿನಿಂದ ಆರಂಭಿಸಿ, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನಿಂತು, ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆ ಹರಿದು ದಾರಿ ಯಾವುದೆಂದು ತಿಳಿಯದು. ಒಳಗಿನ ಅಂಚಿಗೆ ಹಳೆಯ ವೃತ್ತಪತ್ರಿಕೆಯ ಚೂರುಗಳನ್ನು ಸಿಕ್ಕಿಸಿದರೆ ಯಾವ ಚೂರು ಮೊದಲು ನೆನೆಯಿತೆಂಬುದೇ ಸಾಕ್ಷಿಯಾಗುತ್ತದೆ. ಮಕ್ಕಳಿಗೆ ಒಪ್ಪಿಸಬಹುದಾದ ಒಳ್ಳೆಯ ಪ್ರಯೋಗವಿದು.

ದಾರಿ ತಿಳಿದ ಮೇಲೆ ಮಾಡಬಾರದ ಕೆಲಸಗಳೂ ಕೆಲವಿವೆ. ಕ್ಷಣದಲ್ಲಿ ಹಿಡಿಯುವ ಅಂಟು ರಬ್ಬರನ್ನು ಗಡುಸಾಗಿಸುತ್ತದೆ. ಮುಂದೆ ಪಟ್ಟಿಯನ್ನು ಹರಿಯದೆ ತೆಗೆಯುವುದೂ ಅಸಾಧ್ಯವಾಗುತ್ತದೆ. ಮನೆಯ ಸಿಂಕಿಗೆ ಹಚ್ಚುವ ಸಿಲಿಕೋನನ್ನು ಹೊರಗಿನಿಂದ ಬಳಿಯುವುದು ಅದಕ್ಕಿಂತ ಕೆಟ್ಟದ್ದು. ವಿನೆಗರಿನಂಥ ಹುಳಿ ವಾಸನೆ ಬೀರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುಗಡೆಯಾಗಿ ಲೋಹವನ್ನು ತಿನ್ನುತ್ತದೆ. ಸಿಲಿಕೋನಿನ ಪಸೆ ಉಳಿದ ಜಾಗದಲ್ಲಿ ಮುಂದೆ ಪಾಲಿಯುರಿಥೇನ್ ಹಿಡಿಯುವುದಿಲ್ಲ. ಸರಿಯಾದ ಪರಿಹಾರವೆಂದರೆ ಗಾಜನ್ನು ಬಿಚ್ಚಿ, ಚೌಕಟ್ಟನ್ನು ಶುದ್ಧಗೊಳಿಸಿ, ಹೊಸ ಅಂಟು ಮತ್ತು ಹೊಸ ಪಟ್ಟಿಯೊಂದಿಗೆ ಮರಳಿ ಕೂರಿಸುವುದು.

ಹಳೆಯ ಪಟ್ಟಿಯೇ ಮರಳಿ ಬರುವುದರ ಹಿಂದೆ ಹಣದ ಲೆಕ್ಕವೂ ಇರಬಹುದು. ವಾಹನದ ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಶೇಕಡಾ 50. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಪಡೆಯದವರು ಬೀಡಿಂಗ್ ಮತ್ತು ಹೊದಿಕೆಯ ಅರ್ಧ ಬೆಲೆಯನ್ನು ತಾವೇ ಕೊಡಬೇಕಾಗುತ್ತದೆ. ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇರುವವರಿಗೆ ಗಾಜೂ ಇಲ್ಲ, ಪಟ್ಟಿಯೂ ಇಲ್ಲ. ಖರ್ಚು ಕಡಿಮೆಯಾಗಲೆಂದು ಅಂಗಡಿಯವರೇ ಹಳೆಯದನ್ನು ಹಾಕಿಬಿಟ್ಟರೆ, ಗಿರಾಕಿಗೆ ಅದು ತಿಳಿಯುವುದು ಪಟ್ಟಿ ಎದ್ದ ಮೇಲೆ.

ಬದಿಯಡ್ಕದ ಆ ತಂದೆಗೆ ತೊಡಕಾದುದೂ ಇಲ್ಲಿಯೇ. ಅವರ ಬಳಿಯಿದ್ದ ಚೀಟಿಯಲ್ಲಿ "ಗ್ಲಾಸ್" ಎಂಬ ಒಂದೇ ಪದವೂ ಒಟ್ಟು ಮೊತ್ತವೂ ಇದ್ದವು. ಬೀಡಿಂಗ್ ಹೊಸದೇ ಹಳೆಯದೇ, ಕೆಲಸಕ್ಕೆ ಎಷ್ಟು ಕಾಲದ ಭರವಸೆ, ಯಾವುದೂ ಬರಹದಲ್ಲಿರಲಿಲ್ಲ. ಬೇರೊಬ್ಬ ಕುಶಲ ಕೆಲಸಗಾರರು ಗಾಜನ್ನು ಬಿಚ್ಚಿದಾಗ ಎಡ ಮೇಲ್ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಅಂಟು ಲೋಹವನ್ನು ಮುಟ್ಟಿಯೇ ಇರಲಿಲ್ಲ. ಅದರ ಬದಿಯ ಗೀರಿನಲ್ಲಿ ತುಕ್ಕು ಮೂಡತೊಡಗಿತ್ತು. ತಂದೆ ಅದರ ಚಿತ್ರಗಳನ್ನು ತೆಗೆದುಕೊಂಡು ಮೊದಲಿನ ಅಂಗಡಿಗೆ ಹೋದರು. ಸಾಕಷ್ಟು ಮಾತುಕತೆಯ ಬಳಿಕ ಕೂಲಿಯ ಒಂದು ಭಾಗ ಮರಳಿತು. ಚೀಟಿ ಸರಿಯಾಗಿದ್ದಿದ್ದರೆ ಮಾತು ಇಷ್ಟು ಬೆಳೆಯುತ್ತಿರಲಿಲ್ಲ.

ಗಾಜು ಬದಲಾಯಿಸಲು ಹೋಗುವವರು ಮುಂದಾಗಿಯೇ ಕೆಲವನ್ನು ಕೇಳಿಕೊಳ್ಳಬೇಕು. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತೂ ಐಎಸ್ 2553 ಎಂಬ ಸಂಖ್ಯೆಯೂ ಇವೆಯೇ? ಬೀಡಿಂಗ್ ಮತ್ತು ಕ್ಲಿಪ್ಪುಗಳು ಹೊಸದೇ? ಕಾರನ್ನು ಎಷ್ಟು ಹೊತ್ತಿನ ಬಳಿಕ ಓಡಿಸಬಹುದು? ಅದು ಅಂಟಿನ ತಯಾರಕರು ಸೂಚಿಸುವ ಅವಧಿ. ಅಂಟಿನಿಂದ ಅಂಟಿಗೆ ಅದು ಬೇರೆ. ಚೀಟಿಯಲ್ಲಿ ಗಾಜು, ಅಂಟು, ಬೀಡಿಂಗ್, ಕೂಲಿ ಇವುಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಮೊದಲ ದಿನ ಅಂಚಿನ ಟೇಪನ್ನು ಕೀಳಬಾರದು. ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಬೇಕು. ಬಾಗಿಲನ್ನು ಬಡಿಯಬಾರದು, ಕಾರನ್ನು ತೊಳೆಯಬಾರದು.

ಹೀಗಿದ್ದೂ ದೋಷ ಕಂಡರೆ, ಅಂಗಡಿಯವರು ಒಪ್ಪದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ.

ಆ ಮನೆಯ ಕಾರು ಈಗ ಸೋರುತ್ತಿಲ್ಲ. ಸಮಾಜ ವಿಜ್ಞಾನದ ಪುಸ್ತಕದ ಹಾಳೆಗಳು ಒಣಗಿದರೂ ಅಲೆಅಲೆಯಾಗಿಯೇ ಉಳಿದಿವೆ. ಹುಡುಗಿ ಅದರಲ್ಲಿಯೇ ಓದುತ್ತಿದ್ದಾಳೆ. ಮಳೆ ಜೋರಾಗಿ ಬಂದ ದಿನ ಕಾರಿನಿಂದ ಇಳಿಯುವ ಮೊದಲು ಕಾಲಬುಡದ ಹಾಸಿನ ಅಡಿಗೆ ಕೈಯಿಟ್ಟು ನೋಡುವ ಅಭ್ಯಾಸವನ್ನು ಅವಳು ಇನ್ನೂ ಬಿಟ್ಟಿಲ್ಲ.