ದಿಲ್ಲಿಯಲ್ಲಿ ಕೇಳಿದ ಲೆಕ್ಕ ಭಂಕೂರಿಗೂ ಕೊಡ್ರಿ



2024ರ ಫೆಬ್ರವರಿ 7ರಂದು ನಮ್ಮ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ‘ನಮ್ಮ ತೆರಿಗೆ ನಮ್ಮ ಹಕ್ಕು’ ಅಂದರು. ಧರಣಿ ಕೂಡೋದು ನಮ್ಮಂಥವರ ಪಾಡು. ಇಸ್ತ್ರಿ ಅಂಗಿಯವರು ಕೂತಾಗ ನಗು ಬರ್ತದ. ಆದರೆ ನಕ್ಕು ಬಿಡುವ ಮಾತಲ್ಲ ಅದು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ನೂರಕ್ಕೆ 4.713 ಪಾಲು ಕೊಟ್ಟಿತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಅದೇ ಆಯೋಗ ಮೊದಲ ವರದಿಯಲ್ಲಿ ಹೇಳಿದ್ದ 5,495 ಕೋಟಿ ವಿಶೇಷ ಅನುದಾನ ಕೇಳಿದರೆ, ಅಂತಿಮ ವರದಿಯಲ್ಲಿ ಅದಿಲ್ಲ ಎಂದು ಕೇಂದ್ರ ಹಣಕಾಸು ಮಂತ್ರಿ ಉತ್ತರ ಕೊಟ್ಟರು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆಂದು ಹೇಳಿದ್ದ 3,000 ಕೋಟಿಗೂ ಧರಣಿಯ ಹೊತ್ತಿಗೆ ಕಾಯುತ್ತಲೇ ಇದ್ದರು.

ಇದು ಮೇಲಿನವರ ಜಗಳ, ನಮಗೇನು ಅನ್ನಬೇಡಿ. ಪ್ರಾಂತ್ಯಗಳ ಹಣಕಾಸಿನ ಮೇಲೆ ಬಾಬಾಸಾಹೇಬರು ಒಂದು ಪುಸ್ತಕವನ್ನೇ ಬರೆದರು, 1925ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಫೋಟೋ ನಮ್ಮ ಹಾಸ್ಟೆಲ್ಲುಗಳ ಗೋಡೆ ಮೇಲದ. ಆ ಪುಸ್ತಕ ಎಷ್ಟು ಹಾಸ್ಟೆಲ್ಲಿನ ಕಪಾಟಿನಲ್ಲದ?

ದಿಲ್ಲಿ ನಮಗೆ ಬಾಕಿ ಇದೆ, ನಿಜ. ಕಲಬುರಗಿ ರೈಲ್ವೆ ವಿಭಾಗಕ್ಕೆ 2014ರಲ್ಲಿ, ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ, ಅಡಿಗಲ್ಲು ಬಿತ್ತು. ಆಮೇಲೆ 2025ರಲ್ಲಿ ಜಮ್ಮುವಿಗೆ ಹೊಸ ವಿಭಾಗ ಬಂತು. ನಮ್ಮ ಶಹಾಬಾದ ಸ್ಟೇಷನ್ನಿನ ಕಾಗದ ಸೋಲಾಪುರಕ್ಕೆ, ಚಿತ್ತಾಪುರ, ಸೇಡಂನದು ಸಿಕಂದರಾಬಾದಿಗೆ. ಚಿಂಚೋಳಿ ಪಟ್ಟಣಕ್ಕೆ ರೈಲೇ ಇಲ್ಲ. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಶಹಾಬಾದದ ಕಲ್ಲು, ವಾಡಿಯ ಸಿಮೆಂಟು ಊರೂರು ಸೇರಿದವು. ಆ ಕಲ್ಲು ಒಡೆದವನ ಮಗ ಇವತ್ತಿಗೂ ಕಾಲೇಜಿಗೆ ಬಸ್ಸಿನ ಬಾಗಿಲಿಗೆ ಜೋತು ಬಿದ್ದು ಹೋಗ್ತಾನ. ಒಂದು ಕೈಯಾಗ ಪುಸ್ತಕ, ಒಂದು ಕೈಯಾಗ ಜೀವ.

ಈಗ ಒಳಗಿನ ಲೆಕ್ಕ. ದಿಲ್ಲಿಗೆ ಹೋದಾಗ ನಮ್ಮವರ ಬಾಯಲ್ಲಿ ಮೊದಲು ಬರೋದು ರಿಂಗ್ ರೋಡು, ಮೆಟ್ರೋ. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಬೆಂಗಳೂರು ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿತು: 44.65 ಕಿಲೋಮೀಟರಿಗೆ 15,611 ಕೋಟಿ. ಆಗಲಿ, ಅಲ್ಲಿ ಗಾರೆ ಕೆಲಸಕ್ಕೆ ಹೋದವರು ನಮ್ಮವರೇ. ಆದರೆ ಅತಿ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು ಎಂದು ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿತ್ತು. ದಿಲ್ಲಿಗೆ ಒಯ್ಯುವ ಪಟ್ಟಿಯಲ್ಲಿ ಆ 21 ತಾಲೂಕು ಎಷ್ಟನೇ ಸಾಲಿನಲ್ಲಿವೆ?

ಇದಕ್ಕಿಂತ ಕಹಿ ಮಾತು ಇನ್ನೊಂದದ. 2013ರಲ್ಲಿ ಪರಿಶಿಷ್ಟರ ಉಪಯೋಜನೆ ಕಾಯ್ದೆ ಬಂತು. ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ, ಅಂದರೆ ನೂರಕ್ಕೆ 24.1ರಷ್ಟು ಹಣ ನಮ್ಮದು ಎಂದಾಯಿತು. ಅದರೊಳಗೇ 7(ಡಿ) ಎಂಬ ಒಂದು ಕಿಂಡಿ ಇಟ್ಟರು. ರಸ್ತೆಯಂಥ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ನಮಗೇ ಖರ್ಚಾಯಿತೆಂದು ಬರೆದುಕೊಳ್ಳಬಹುದು. ದೊಡ್ಡ ರಸ್ತೆ ಮೇಲೆ ಹೊಲೆಯ ಮಾದಿಗರೂ ನಡೀತಾರಲ್ಲ, ಅದಕ್ಕೆ! ಕೇರಿಯ ರಾಡಿ ಹಾಗೇ ಉಳಿಯಿತು, ಲೆಕ್ಕದ ಪುಸ್ತಕದಲ್ಲಿ ನಾವು ಡಾಂಬರು ಮೇಲೆ ನಡೆದೆವು. ಹೋರಾಡಿ ಹೋರಾಡಿ, 2023ರಲ್ಲಿ ಆ ಕಲಂ ತೆಗೆಸಿದೆವು.

ಕಿಂಡಿ ಮುಚ್ಚಿದರು, ಬಾಗಿಲು ತೆರೆದರು. 2024-25ರಲ್ಲಿ ಉಪಯೋಜನೆಯ ಸುಮಾರು 39,000 ಕೋಟಿಯಲ್ಲಿ 14,282 ಕೋಟಿ ಗ್ಯಾರಂಟಿಗಳಿಗೆ ಹೋಯಿತು. ಅದರಲ್ಲಿ ಬಸ್ಸಿನ ಶಕ್ತಿ ಯೋಜನೆಯೂ ಸೇರಿದೆ. 2023ರ ಜೂನ್ 11ರಿಂದ ನಮ್ಮ ಅವ್ವ, ಅಕ್ಕ ಟಿಕೆಟ್ ದುಡ್ಡಿಲ್ಲದೆ ಓಡಾಡ್ತಾರ, ಕೂಲಿಯಲ್ಲಿ ನಾಲ್ಕು ಕಾಸು ಉಳೀತದ. ಅದನ್ನು ಹಳಿಯೋನು ನಾನಲ್ಲ. ನನ್ನ ಪ್ರಶ್ನೆ ಬೇರೆ. ಗೌಡರ ಮನೆಯ ಹೆಣ್ಣುಮಗಳ ಟಿಕೆಟ್ಟು ಎಲ್ಲರ ಖಜಾನೆಯಿಂದ, ನನ್ನ ಅವ್ವನ ಟಿಕೆಟ್ಟು ಮಾತ್ರ ನನ್ನ ಹಾಸ್ಟೆಲ್ಲಿನ, ನನ್ನ ಸ್ಕಾಲರ್‌ಶಿಪ್ಪಿನ ಹಣದಿಂದ ಯಾಕ? ನಮ್ಮ ಪಾಲು ನಮಗೆ ಬರಲಿಲ್ಲ ಎಂದು ಜಂತರ್ ಮಂತರ್‌ನಲ್ಲಿ ಕೂಗಿದವರಿಗೆ ಈ ಮಾತು ತಿಳಿಯದೇ?

ಮುಂದಿನ ಸಭೆಗೆ ಬರುವಾಗ ಬರೀ ಕೈಯಲ್ಲಿ ಬರಬೇಡ್ರಿ. ನಿಮ್ಮೂರಿಗೆ ದಿನಕ್ಕೆ ಎಷ್ಟು ಬಸ್ಸು, ಕಾಲೇಜಿನ ಹೊತ್ತಿಗೆ ಎಷ್ಟು, ಕೇರಿಯಿಂದ ಸ್ಟಾಪಿಗೆ ಎಷ್ಟು ದೂರ, ಒಂದು ಹಾಳೆಯಲ್ಲಿ ಬರಕೊಂಡು ಬರ್ರಿ. ಭಂಕೂರಿನದು ನಾನು ತರ್ತೀನಿ. ಎಲ್ಲ ಸೇರಿಸಿ ಮಾಹಿತಿ ಹಕ್ಕಿನ ಅರ್ಜಿಯೊಂದಿಗೆ ಶಾಸಕರ ಮನೆಗೆ ಹೋಗೋಣ.