ಕಾಯೋದು ತಪ್ಪಲ್ಲ, ಆದ್ರೆ...

ತಮ್ಮನ ವಿಡಿಯೋ ಇಇಜಿ ಮುಗಿದು ಮೂರು ವಾರ ಆಯ್ತು. ತಲೆತುಂಬ ವಯರು ಅಂಟಿಸಿ, ಮಾತ್ರೆ ಕಡಿಮೆ ಮಾಡಿ, ಫಿಟ್ಸ್ ಬರಲಿ ಅಂತ ಐದು ದಿನ ಕಾದ್ವಿ. ಹನ್ನೊಂದು ವರ್ಷದಿಂದ ಬರಬಾರದು ಅಂತ ಹರಕೆ ಹೊತ್ತ ಅಮ್ಮ, ಅಲ್ಲಿ "ಒಂದ್ಸಲ ಬಂದುಬಿಡಲಿ" ಅಂದ್ಲು!

ಫಿಟ್ಸ್ ಹುಟ್ಟುವ ಜಾಗ ಒಂದೇ ಆಗಿರಬೇಕು, ಅದನ್ನು ತೆಗೆದರೆ ಮಾತು-ನೆನಪಿಗೆ ದೊಡ್ಡ ಪೆಟ್ಟು ಬೀಳಬಾರದು. ಆಗ ಮಾತ್ರ ಆಪರೇಷನ್. ಡಾಕ್ಟರುಗಳು ಕೂತು ಯೋಚಿಸಲಿ, ಕಾಯ್ತೀವಿ.

ನನ್ನ ಸಿಟ್ಟು ಬೇರೆ. ಸರಿಯಾದ ಎರಡು ಔಷಧಿಗೂ ಫಿಟ್ಸ್ ನಿಲ್ಲದಿದ್ರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ ಅಂತ ಅಂತರರಾಷ್ಟ್ರೀಯ ತಜ್ಞರ ಸಂಘ 2010ರಲ್ಲೇ ಹೇಳಿದೆ. ನಮಗೆ ನಾಲ್ಕನೇ ಔಷಧಿವರೆಗೂ ಯಾರೂ ಆಪರೇಷನ್ ಮಾತೇ ಎತ್ತಲಿಲ್ಲ ಕಣ್ರೀ. ನಿಮ್ಮವರಿಗೆ ಹೀಗಿದ್ರೆ ಮೂರನೇ ಚೀಟಿ ಬರೆಯೋವಾಗಲೇ ಕೇಳಿ.

ಈಗಷ್ಟೇ ಫೋನ್ ಬಂತು... ಗ್ಯಾಸಿನವನದು.